ಬಟ್ಟೆಗೆ ಹಾಕುವ ಗಂಜಿ, ಒಂದು ತುಂಡು ಜೆಲ್ಲಿ ಮತ್ತು ಇನ್ಸುಲಿನ್



ಹತ್ತಿ ಸೀರೆಗೆ, ಖಾದಿ ಜುಬ್ಬಕ್ಕೆ ಗಂಜಿ ಹಾಕುವುದು ನಿಮಗೆ ಗೊತ್ತೇ ಇದೆ. ಅನ್ನ ಬಸಿದ ತಿಳಿಯೋ, ಮೈದಾ ಕದಡಿ ಕಾಯಿಸಿದ ನೀರೋ, ಒಟ್ಟಿನಲ್ಲಿ ಪಿಷ್ಟದ ಅಂಟು. ಒಲೆಯ ಮೇಲಿದ್ದಾಗ ತೆಳ್ಳಗೆ ಹರಿಯುವ ಈ ಗಂಜಿಯನ್ನು ಪಾತ್ರೆಯಲ್ಲೇ ಮರೆತುಬಿಟ್ಟರೆ ಏನಾಗುತ್ತದೆ? ತಣ್ಣಗಾದ ಮೇಲೆ ಹೆಪ್ಪುಗಟ್ಟುತ್ತದೆ. ಅಲುಗಿಸಿದರೆ ತುಳುಕುವುದಿಲ್ಲ, ಸುಮ್ಮನೆ ನಡುಗುತ್ತದೆ. ಇನ್ನು ಬಟ್ಟೆಗೆ ಬಾರದು ಎಂದು ಅದನ್ನು ಚೆಲ್ಲುತ್ತೇವೆ.

ಹೀಗೆ ನಾವು ಚೆಲ್ಲುವ ಹೆಪ್ಪುಗಟ್ಟಿದ ಗಂಜಿಗೂ, ಎಷ್ಟೋ ಮನೆಗಳಲ್ಲಿ ಫ್ರಿಜ್ಜಿನ ಬಾಗಿಲಿನಲ್ಲಿ ಕುಳಿತಿರುವ ಇನ್ಸುಲಿನ್ ಬಾಟಲಿಗೂ ನೆಂಟಸ್ತಿಕೆ ಇದೆ ಎಂದರೆ ನಂಬುತ್ತೀರಾ? ನೆಂಟಸ್ತಿಕೆ ಸ್ವಲ್ಪ ದೂರದ್ದು, ನಡುವೆ ಸಮುದ್ರದ ಪಾಚಿ, ದನಗಳ ಔಷಧಿ, ಗಾಜಿನ ಪುಡಿ ಎಲ್ಲ ಬರುತ್ತವೆ. ಆದರೆ ಸಂಬಂಧ ಮಾತ್ರ ಗಟ್ಟಿ. ಬೆರೆತುಹೋದದ್ದರಿಂದ ನಮಗೆ ಬೇಕಾದ ಒಂದನ್ನು ಮಾತ್ರ ಹೇಗೆ ಆರಿಸಿ ತೆಗೆಯುವುದು ಎಂಬ ಪ್ರಶ್ನೆಯೇ ಈ ಕಥೆಯ ಜೀವ. ಈ ಸಲ ಅದನ್ನೇ ನೋಡೋಣ, ಬನ್ನಿ.

ಶುದ್ಧವಾಗದಿದ್ದರೆ ಔಷಧಿಯೇ ಅಲ್ಲ

ಕಥೆ ಶುರುವಾಗುವುದು ಕೆನಡಾದ ಟೊರಾಂಟೊ ನಗರದಲ್ಲಿ. 1922ರ ಜನವರಿ 11ರಂದು ಅಲ್ಲಿನ ಆಸ್ಪತ್ರೆಯಲ್ಲಿ ಲೆನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಒಂದು ಚುಚ್ಚುಮದ್ದು ಕೊಟ್ಟರು. ಸಕ್ಕರೆ ಕಾಯಿಲೆಯಿಂದ ಹುಡುಗ ಎಲುಬಿನ ಹಂದರವಾಗಿದ್ದ. ಆ ಕಾಲದಲ್ಲಿ ಈ ಕಾಯಿಲೆ ಬಂದ ಮಕ್ಕಳಿಗೆ ಬದುಕುವ ದಾರಿಯೇ ಇರಲಿಲ್ಲ. ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಪ್ರಾಣಿಗಳ ಮೇದೋಜ್ಜೀರಕ ಗ್ರಂಥಿಯಿಂದ ತೆಗೆದಿದ್ದ ರಸ ಅದು. ಆದರೆ ರಸದಲ್ಲಿ ಬೇಡದ್ದೆಲ್ಲ ತುಂಬಿತ್ತು. ಚುಚ್ಚಿದ ಜಾಗ ಊದಿಕೊಂಡಿತೇ ಹೊರತು ಹುಡುಗನಿಗೆ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಆಗ ಜೇಮ್ಸ್ ಕಾಲಿಪ್ ಎಂಬ ರಸಾಯನ ವಿಜ್ಞಾನಿ ಹಗಲೂ ರಾತ್ರಿ ಕುಳಿತು ಅದೇ ರಸವನ್ನು ಶುದ್ಧಗೊಳಿಸಿದರು. ಜನವರಿ 23ರಂದು ಮತ್ತೆ ಚುಚ್ಚಿದಾಗ ಹುಡುಗನ ರಕ್ತದ ಸಕ್ಕರೆ ಇಳಿಯಿತು! ಅದೇ ಹುಡುಗ, ಅದೇ ಕಾಯಿಲೆ, ನಡುವೆ 12 ದಿನಗಳ ಅಂತರ. ಬದಲಾದದ್ದು ಒಂದೇ, ಬೇಕಾದ ವಸ್ತು ಬೇಡದ್ದರಿಂದ ಬೇರೆಯಾಗಿತ್ತು.

ಮುಂದೆ ಅರವತ್ತು ವರ್ಷ ಜಗತ್ತಿನ ಸಕ್ಕರೆ ಕಾಯಿಲೆಯವರು ಬದುಕಿದ್ದು ದನ ಮತ್ತು ಹಂದಿಗಳ ಗ್ರಂಥಿಯಿಂದ ತೆಗೆದ ಇನ್ಸುಲಿನ್‌ನಿಂದ. ಸುಮಾರು 2 ಟನ್ ಗ್ರಂಥಿಗಳನ್ನು ಅರೆದು ಸೋಸಿದರೆ ಸಿಗುತ್ತಿದ್ದುದು ಕಾಲು ಕಿಲೋಗಿಂತ ಕಡಿಮೆ ಇನ್ಸುಲಿನ್. ಕೆಲವರ ಮೈಗೆ ಪ್ರಾಣಿಗಳ ಇನ್ಸುಲಿನ್ ಒಗ್ಗುತ್ತಲೂ ಇರಲಿಲ್ಲ. ಮನುಷ್ಯರದೇ ಇನ್ಸುಲಿನ್ ಬೇಕಿತ್ತು. ಆದರೆ ತರುವುದೆಲ್ಲಿಂದ?

ಇಪ್ಪತ್ತು ಅಡಿಯ ಯಂತ್ರ

ಈಗ ಸ್ವಲ್ಪ ಸ್ವೀಡನ್ ಕಡೆ ಹೋಗಿಬರೋಣ. ನೀರಿನಲ್ಲಿ ಕರಗಿದ ಪ್ರೋಟೀನುಗಳಿಗೆ ವಿದ್ಯುತ್ತಿನ ಗುಣ ಇರುತ್ತದೆ. ಎರಡು ತಂತಿ ಇಳಿಬಿಟ್ಟು ಕರೆಂಟು ಹಾಯಿಸಿದರೆ ಕೆಲವು ಧನ ತಂತಿಯ ಕಡೆಗೆ, ಕೆಲವು ಋಣ ತಂತಿಯ ಕಡೆಗೆ ಹೊರಡುತ್ತವೆ. ಎಲ್ಲವೂ ಒಂದೇ ವೇಗದಲ್ಲಿ ಹೋಗುವುದಿಲ್ಲ. ಓಟದ ಪಂದ್ಯದಲ್ಲಿ ಒಟ್ಟಿಗೆ ಹೊರಟವರು ಸ್ವಲ್ಪ ಹೊತ್ತಿಗೆ ಹಿಂದೆ ಮುಂದೆ ಆಗುತ್ತಾರಲ್ಲ, ಹಾಗೆ. ಇದಕ್ಕೆ ಎಲೆಕ್ಟ್ರೋಫೋರೆಸಿಸ್ ಎಂದು ಹೆಸರು.

ಉಪ್ಸಾಲಾ ವಿಶ್ವವಿದ್ಯಾಲಯದ ಆರ್ನೆ ಟಿಸೇಲಿಯಸ್ 1937ರಲ್ಲಿ ಇದಕ್ಕೊಂದು ಒಳ್ಳೆಯ ಯಂತ್ರ ಕಟ್ಟಿದರು. ರಕ್ತದ ತಿಳಿಯನ್ನು ಅದರಲ್ಲಿ ಓಡಿಸಿ ಆಲ್ಬುಮಿನ್, ಆಲ್ಫಾ, ಬೀಟಾ, ಗಾಮಾ ಗ್ಲಾಬ್ಯುಲಿನ್ ಎಂಬ ಭಾಗಗಳನ್ನು ತೋರಿಸಿಕೊಟ್ಟರು. 1948ರಲ್ಲಿ ಅವರಿಗೆ ನೊಬೆಲ್ ಬಂತು. 1949ರಲ್ಲಿ ಅಮೆರಿಕದ ಲೈನಸ್ ಪೌಲಿಂಗ್ ತಂಡ ಇದೇ ಬಗೆಯ ಯಂತ್ರದಲ್ಲಿ ಸಿಕಲ್ ಸೆಲ್ ರೋಗಿಗಳ ಹಿಮೋಗ್ಲೋಬಿನ್ ಓಡಿಸಿ ನೋಡಿತು. ಅದು ಆರೋಗ್ಯವಂತರ ಹಿಮೋಗ್ಲೋಬಿನ್‌ಗಿಂತ ಬೇರೆ ವೇಗದಲ್ಲಿ ಓಡಿತು! ಒಂದು ಕಾಯಿಲೆಯ ಬೇರು ಒಂದೇ ಒಂದು ಅಣುವಿನಲ್ಲಿರುತ್ತದೆ ಎಂದು ಜಗತ್ತಿಗೆ ತಿಳಿದದ್ದು ಹಾಗೆ.

ಆದರೆ ಟಿಸೇಲಿಯಸ್ ಯಂತ್ರಕ್ಕೆ ಎರಡು ತೊಡಕಿದ್ದವು. ಒಂದು, ಅದು ಸುಮಾರು 20 ಅಡಿ ಉದ್ದ. ಒಂದು ಕೋಣೆಯೇ ಬೇಕು, ದುಡ್ಡೂ ಬೇಕು. ಇನ್ನೊಂದು ಇದಕ್ಕಿಂತ ದೊಡ್ಡದು. ಎಲ್ಲವೂ ನೀರಿನಲ್ಲೇ ಓಡುವುದರಿಂದ ಭಾಗಗಳ ನಡುವಿನ ಗಡಿ ಕಾಣುತ್ತಿತ್ತೇ ಹೊರತು ಭಾಗಗಳು ಪೂರ್ತಿಯಾಗಿ ಬೇರೆಯಾಗಿ ನಿಲ್ಲುತ್ತಿರಲಿಲ್ಲ. ಕರೆಂಟು ನಿಲ್ಲಿಸಿದರೆ ಮತ್ತೆ ಕಲಸುಮೇಲೋಗರ. ನೋಡಬಹುದಿತ್ತು, ಎತ್ತಿಕೊಳ್ಳುವುದು ಕಷ್ಟವಿತ್ತು.

ಅಮ್ಮನ ಗಂಜಿ ನೆನಪಾಯಿತು

ಮತ್ತೆ ಟೊರಾಂಟೊಗೆ ಬರೋಣ. ಅಲ್ಲಿ ಇನ್ಸುಲಿನ್ ತಯಾರಿಸುತ್ತಿದ್ದ ಕೊನಾಟ್ ಪ್ರಯೋಗಾಲಯಕ್ಕೆ 1953ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಮೂಲದ ಆಲಿವರ್ ಸ್ಮಿತೀಸ್ ಎಂಬ ತರುಣ ಸೇರಿದರು. ಏನು ಬೇಕಾದರೂ ಸಂಶೋಧನೆ ಮಾಡು, ಆದರೆ ಅದು ಇನ್ಸುಲಿನ್‌ಗೆ ಸಂಬಂಧಪಟ್ಟಿರಲಿ ಎಂಬುದೊಂದೇ ಷರತ್ತು. ಸ್ಮಿತೀಸ್ ಆರಿಸಿಕೊಂಡ ಪ್ರಶ್ನೆ, ದೇಹದಲ್ಲಿ ಇನ್ಸುಲಿನ್ ನೇರವಾಗಿ ತಯಾರಾಗುತ್ತದೆಯೋ ಅಥವಾ ಅದಕ್ಕೂ ಮೊದಲು ಇನ್ನೊಂದು ರೂಪ ಇದೆಯೋ ಎಂಬುದು.

ಆಗ ಚಾಲ್ತಿಯಲ್ಲಿದ್ದದ್ದು ಒದ್ದೆ ಕಾಗದದ ಮೇಲೆ ಪ್ರೋಟೀನು ಓಡಿಸುವ ವಿಧಾನ. ಇನ್ಸುಲಿನ್ ಮಾತ್ರ ಕಾಗದಕ್ಕೆ ಅಂಟಿಕೊಂಡು ಶಾಯಿ ಚೆಲ್ಲಿದಂತೆ ಹರಡಿಬಿಡುತ್ತಿತ್ತು. ಒಂದು ದಿನ ಅವರು ಊರಿನ ಮಕ್ಕಳ ಆಸ್ಪತ್ರೆಯಲ್ಲಿ ಬೇರೊಂದು ವಿಧಾನ ನೋಡಿದರು. ಅಲ್ಲಿ ಕಾಗದದ ಬದಲು ಒದ್ದೆ ಪಿಷ್ಟದ ಹಿಟ್ಟು. ಇದಕ್ಕೆ ಇನ್ಸುಲಿನ್ ಅಂಟುವುದಿಲ್ಲ. ಆದರೆ ಓಟ ಮುಗಿದ ಮೇಲೆ ಹಿಟ್ಟನ್ನು ಹತ್ತಾರು ಚೂರುಗಳಾಗಿ ಕತ್ತರಿಸಿ, ಒಂದೊಂದು ಚೂರನ್ನೂ ಬೇರೆ ಬೇರೆ ಪರೀಕ್ಷಿಸಬೇಕು. ಅಷ್ಟೊಂದು ಗಾಜಿನ ನಳಿಗೆ ತೊಳೆಯುವವರಾರು? ಸ್ಮಿತೀಸ್ ಬಳಿ ಸಹಾಯಕರೇ ಇರಲಿಲ್ಲ.

ಆಗಲೇ ನೋಡಿ, ಅವರಿಗೆ ಅಮ್ಮ ನೆನಪಾದದ್ದು! ಹುಡುಗನಾಗಿದ್ದಾಗ ಬಟ್ಟೆ ಒಗೆಯುವ ದಿನ ಅಮ್ಮನಿಗೆ ನೆರವಾಗುತ್ತಿದ್ದರು. ಅಪ್ಪನ ಅಂಗಿಗೆಂದು ಕಾಯಿಸಿದ ಗಂಜಿ ತಣಿದಾಗ ಜೆಲ್ಲಿಯಾಗುತ್ತಿದ್ದುದನ್ನು ಕಂಡಿದ್ದರು. ಪಿಷ್ಟವನ್ನು ಹಿಟ್ಟಾಗಿಯೇ ಏಕೆ ಬಳಸಬೇಕು? ಕಾಯಿಸಿ ಜೆಲ್ಲಿ ಮಾಡಿದರೆ? ಆಗ ಚೂರು ಮಾಡುವ ಕೆಲಸವೇ ಇಲ್ಲ, ಇಡೀ ಜೆಲ್ಲಿಗೆ ಬಣ್ಣ ಹಾಕಿದರೆ ಪ್ರೋಟೀನು ಇರುವ ಜಾಗದಲ್ಲಿ ಪಟ್ಟೆ ಕಾಣುತ್ತದೆ. 1954ರ ಜನವರಿಯಲ್ಲಿ ಆಲೂಗಡ್ಡೆಯ ಪಿಷ್ಟ ಕಾಯಿಸಿ ಪ್ರಯೋಗಕ್ಕೆ ಇಳಿದೇಬಿಟ್ಟರು.

ಬೇರೆಯವರು ಬಿಸಾಡಿದ ಸಾಮಾನಿನಿಂದ ಉಪಕರಣ ಕಟ್ಟುವುದರಲ್ಲಿ ಸ್ಮಿತೀಸ್ ಎತ್ತಿದ ಕೈ. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗಲೇ ಸಹೋದ್ಯೋಗಿಗಳು ಹಳೆಯ ಸಾಮಾನಿನ ಮೇಲೆ, ಇದು ಯಾವ ಕೆಲಸಕ್ಕೂ ಬಾರದು, ಆದರೆ ಆಲಿವರ್‌ಗೆ ಆದೀತು ಎಂಬರ್ಥದ ಚೀಟಿ ಅಂಟಿಸಿಡುತ್ತಿದ್ದರಂತೆ!

ಗಂಜಿಯ ಜೆಲ್ಲಿ ಬರೀ ಕಾಗದಕ್ಕೆ ಬದಲಿಯಾಗಲಿಲ್ಲ, ಜರಡಿಯೂ ಆಯಿತು. ಅದರೊಳಗಿನ ಸಣ್ಣ ಸಣ್ಣ ಸಂದುಗಳಲ್ಲಿ ನುಸುಳಬೇಕಾದ್ದರಿಂದ ವಿದ್ಯುತ್ತಿನ ಗುಣದ ಜೊತೆಗೆ ಗಾತ್ರವೂ ಲೆಕ್ಕಕ್ಕೆ ಬಂತು. ಕಾಗದದ ಮೇಲೆ ರಕ್ತದ ತಿಳಿ ಐದಾರು ಪಟ್ಟೆ ತೋರಿಸುತ್ತಿದ್ದರೆ, ಗಂಜಿಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಪಟ್ಟೆಗಳು ಮೂಡಿದವು. ಒಬ್ಬರ ರಕ್ತದ ಪಟ್ಟೆ ಇನ್ನೊಬ್ಬರದರಂತೆ ಇರಲಿಲ್ಲ. ಅದು ಅಪ್ಪ ಅಮ್ಮನಿಂದ ಬರುವ ವ್ಯತ್ಯಾಸ ಎಂಬುದೂ ಮುಂದೆ ತಿಳಿಯಿತು. 1955ರಲ್ಲಿ ಲೇಖನ ಪ್ರಕಟವಾಯಿತು.

ಹಾಗಾದರೆ ಇನ್ಸುಲಿನ್‌ನ ಮೊದಲ ರೂಪ? ಅದು ಸ್ಮಿತೀಸ್‌ಗೆ ಸಿಗಲೇ ಇಲ್ಲ. 1967ರಲ್ಲಿ ಶಿಕಾಗೋದ ಡೊನಾಲ್ಡ್ ಸ್ಟೈನರ್ ಅದನ್ನು ಕಂಡುಹಿಡಿದರು. ಸ್ಮಿತೀಸ್ ಹುಡುಕಲು ಹೊರಟದ್ದು ಇನ್ಸುಲಿನ್, ಕೈಗೆ ಬಂದದ್ದು ಜೆಲ್ಲಿ. ಅವರಿಗೆ 2007ರಲ್ಲಿ ನೊಬೆಲ್ ಬಂದದ್ದು ಜೀನುಗಳ ಮೇಲಿನ ಬೇರೆ ಕೆಲಸಕ್ಕೆ. ಆದರೆ ಜೆಲ್ಲಿ ಅಷ್ಟರಲ್ಲಿ ಜಗತ್ತನ್ನೇ ಸುತ್ತಿಬಂದಿತ್ತು.

ಕತ್ತರಿ ಸಿಕ್ಕಿತು, ತುಂಡುಗಳಾದವು

ಈವರೆಗೆ ಮಾತೆಲ್ಲ ಪ್ರೋಟೀನಿನದಾಯಿತು. ಡಿ.ಎನ್.ಎ. ವಿಷಯ ಇನ್ನೂ ಕಷ್ಟದ್ದು. ಅದೊಂದು ಭಾರೀ ಉದ್ದದ ನೂಲು. ನಾಲ್ಕೇ ಅಕ್ಷರಗಳಲ್ಲಿ ಬರೆದ, ಪುಟ ಸಂಖ್ಯೆಯೂ ಇಲ್ಲದ ಗ್ರಂಥ ಎನ್ನಿ. ಅದರಲ್ಲಿ ನಮಗೆ ಬೇಕಾದ ಒಂದು ಸಾಲನ್ನು ಹುಡುಕುವುದು ಹೇಗೆ?

ಮೊದಲು ಕತ್ತರಿ ಬೇಕಿತ್ತು. 1970ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಹ್ಯಾಮಿಲ್ಟನ್ ಸ್ಮಿತ್ ಅಂಥದ್ದೊಂದು ಕಿಣ್ವವನ್ನು ಬ್ಯಾಕ್ಟೀರಿಯಾದಿಂದ ತೆಗೆದು ವಿವರಿಸಿದರು. ಅಕ್ಷರಗಳ ಒಂದು ನಿರ್ದಿಷ್ಟ ಜೋಡಣೆ ಕಂಡಲ್ಲಿ ಮಾತ್ರ ಅದು ಡಿ.ಎನ್.ಎ.ಯನ್ನು ಕತ್ತರಿಸುತ್ತದೆ. ಅದೇ ಸಂಸ್ಥೆಯ ಡೇನಿಯಲ್ ನೇಥನ್ಸ್ ಮತ್ತು ಅವರ ವಿದ್ಯಾರ್ಥಿನಿ ಕ್ಯಾಥ್ಲೀನ್ ಡಾನ್ನಾ ಈ ಕತ್ತರಿಯನ್ನು ಎಸ್‌ವಿ40 ಎಂಬ ಪುಟ್ಟ ವೈರಸ್ಸಿನ ಡಿ.ಎನ್.ಎ. ಮೇಲೆ ಪ್ರಯೋಗಿಸಿದರು. ತುಂಡುಗಳನ್ನು ಜೆಲ್‌ನಲ್ಲಿ ಓಡಿಸಿದಾಗ ಒಂದಲ್ಲ, ಎರಡಲ್ಲ, 11 ತುಂಡುಗಳು ಒಂದರ ಹಿಂದೆ ಒಂದು ಸಾಲಾಗಿ ನಿಂತವು. ಇದು ಪ್ರಕಟವಾದದ್ದು 1971ರಲ್ಲಿ. 1978ರಲ್ಲಿ ಸ್ಮಿತ್, ನೇಥನ್ಸ್ ಮತ್ತು ಸ್ವಿಟ್ಜರ್ಲೆಂಡಿನ ವರ್ನರ್ ಆರ್ಬರ್ ನೊಬೆಲ್ ಹಂಚಿಕೊಂಡರು.

ಜೆಲ್‌ನಲ್ಲಿ ತುಂಡುಗಳು ಸಾಲಾಗಿ ನಿಲ್ಲುವುದು ಹೇಗೆ ಎನ್ನುತ್ತೀರಾ? ಡಿ.ಎನ್.ಎ.ಯ ಉದ್ದಕ್ಕೂ ಫಾಸ್ಫೇಟ್ ಇರುವುದರಿಂದ ಅದು ಯಾವಾಗಲೂ ಧನ ತಂತಿಯ ಕಡೆಗೇ ಓಡುತ್ತದೆ. ಮುಳ್ಳುಬೇಲಿಯ ಸಂದಿನಲ್ಲಿ ಹಗ್ಗ ಎಳೆಯುವುದನ್ನು ನೆನೆಸಿಕೊಳ್ಳಿ. ಗೇಣುದ್ದದ ತುಂಡು ಸರ್ರನೆ ಬಂದುಬಿಡುತ್ತದೆ, ಮಾರುದ್ದದ್ದು ಅಲ್ಲಲ್ಲಿ ಸಿಕ್ಕಿಕೊಂಡು ನಿಧಾನವಾಗಿ ಬರುತ್ತದೆ. ಹಾಗೆಯೇ ಚಿಕ್ಕ ತುಂಡುಗಳು ಮುಂದೆ, ದೊಡ್ಡವು ಹಿಂದೆ. ಉದ್ದ ಗೊತ್ತಿರುವ ತುಂಡುಗಳನ್ನು ಪಕ್ಕದಲ್ಲೇ ಓಡಿಸಿದರೆ ಅದೇ ಅಳತೆಪಟ್ಟಿ.

ಚೈನಾ ಗ್ರಾಸ್ ಮತ್ತು ದನಗಳ ಔಷಧಿ

ಡಾನ್ನಾ ಬಳಸಿದ್ದು ಪಾಲಿಅಕ್ರಿಲಮೈಡ್ ಎಂಬ ಕೃತಕ ಜೆಲ್. ಸಣ್ಣ ತುಂಡುಗಳಿಗೆ ಅದು ಸರಿ. ಉದ್ದನೆಯವಕ್ಕೆ ದೊಡ್ಡ ಸಂದುಗಳಿರುವ ಜೆಲ್ ಬೇಕು. ಇಲ್ಲಿ ಮತ್ತೆ ಅಡುಗೆಮನೆಯೇ ಕೈಹಿಡಿಯಿತು. ಪುಡಿಂಗ್ ಮಾಡಲು ನಾವು ಅಂಗಡಿಯಿಂದ ತರುವ ಚೈನಾ ಗ್ರಾಸ್ ಇದೆಯಲ್ಲ, ಅದೇ ಅಗರ್. ಸಮುದ್ರದ ಕೆಂಪು ಪಾಚಿಯಿಂದ ತೆಗೆಯುವ ವಸ್ತು. 1881ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಜೆಲಾಟಿನ್ ಸೆಕೆಗೆ ಕರಗಿಹೋಗುತ್ತಿದ್ದಾಗ, ಅದರ ಬದಲು ಅಗರ್ ಬಳಸಿ ಎಂದು ಸಲಹೆ ಕೊಟ್ಟವರು ಅಲ್ಲಿನ ಸಂಶೋಧಕರೊಬ್ಬರ ಪತ್ನಿ ಫ್ಯಾನಿ ಹೆಸ್ಸೆ. ಮನೆಯಲ್ಲಿ ಅವರು ಅಗರ್ ಹಾಕಿಯೇ ಜೆಲ್ಲಿ ಮಾಡುತ್ತಿದ್ದರು.

ಅಗರ್‌ನಲ್ಲಿರುವ, ವಿದ್ಯುತ್ತಿನ ಗುಣವುಳ್ಳ ಭಾಗವನ್ನು ತೆಗೆದುಹಾಕಿದರೆ ಉಳಿಯುವುದು ಅಗರೋಸ್. 1961ರಲ್ಲಿ ಇದಕ್ಕೆ ದಾರಿ ತೋರಿದವರು ಟಿಸೇಲಿಯಸ್ ಅವರ ಉಪ್ಸಾಲಾದವರೇ ಆದ ಸ್ಟೆಲ್ಲಾನ್ ಹ್ಯೆರ್ಟೆನ್. 1972ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಆಯ್ ಮತ್ತು ಪೀಟ್ ಬೋರ್ಸ್ಟ್ ಅಗರೋಸ್‌ನಲ್ಲಿ ಡಿ.ಎನ್.ಎ. ಓಡಿಸಿ ತೋರಿಸಿದರು.

ಆದರೆ ಡಿ.ಎನ್.ಎ. ಕಣ್ಣಿಗೆ ಕಾಣುವುದಿಲ್ಲವಲ್ಲ! ಅದಕ್ಕೆ ವಿಕಿರಣಶೀಲ ವಸ್ತು ಬೆರೆಸಿ, ಜೆಲ್ ಕತ್ತರಿಸಿ ಎಣಿಸುತ್ತಲೋ ಎಕ್ಸ್‌ರೇ ಫಿಲ್ಮಿಗೆ ತಾಗಿಸಿಟ್ಟು ಕಾಯುತ್ತಲೋ ಕೂರಬೇಕಿತ್ತು. ಈ ಕಾಯುವಿಕೆ ತಪ್ಪಿಸಿದ್ದು ದನಗಳ ಔಷಧಿ. ಆಫ್ರಿಕಾದಲ್ಲಿ ತ್ಸೆತ್ಸೆ ನೊಣದಿಂದ ಜಾನುವಾರುಗಳಿಗೆ ಬರುವ ರೋಗಕ್ಕೆ 1950ರ ದಶಕದಿಂದ ಕೊಡುತ್ತಿದ್ದ ಎಥಿಡಿಯಂ ಬ್ರೋಮೈಡ್, ಡಿ.ಎನ್.ಎ. ಏಣಿಯ ಮೆಟ್ಟಿಲುಗಳ ನಡುವೆ ಹೋಗಿ ಕೂರುತ್ತದೆ. ಅತಿನೇರಳೆ ಬೆಳಕು ಬಿಟ್ಟರೆ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. 1973ರಲ್ಲಿ ಅಮೆರಿಕದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಫಿಲಿಪ್ ಶಾರ್ಪ್, ಬಿಲ್ ಸಗ್ಡನ್ ಮತ್ತು ಜೋ ಸ್ಯಾಮ್‌ಬ್ರೂಕ್ ಅಗರೋಸ್ ಮತ್ತು ಎಥಿಡಿಯಂ ಜೋಡಿಯನ್ನು ವಿವರಿಸಿದ ಮೇಲೆ ಲೋಕವೆಲ್ಲ ಅದನ್ನೇ ಹಿಡಿಯಿತು.

ಅದೇ ವರ್ಷ ಕ್ಯಾಲಿಫೋರ್ನಿಯಾದಲ್ಲಿ ಹರ್ಬರ್ಟ್ ಬಾಯರ್ ಮತ್ತು ಸ್ಟ್ಯಾನ್ಲಿ ಕೋಹೆನ್ ಒಂದು ಕಡೆಯ ಡಿ.ಎನ್.ಎ. ತುಂಡನ್ನು ಇನ್ನೊಂದಕ್ಕೆ ಜೋಡಿಸಿ ಬ್ಯಾಕ್ಟೀರಿಯಾದೊಳಗೆ ಬೆಳೆಸಿದರು. ಜೋಡಣೆ ಆಗಿದೆ ಎಂದು ಸಾಕ್ಷಿ ಹೇಳಿದ್ದು ಜೆಲ್‌ನ ಪಟ್ಟೆಗಳು. ಆ ಫೋಟೋವನ್ನು ಮನೆಗೆ ಒಯ್ದು ಹೆಂಡತಿಗೆ ತೋರಿಸಿದ್ದನ್ನೂ, ಬೆಳಗಿನ ಜಾವದವರೆಗೂ ಅದನ್ನೇ ನೋಡುತ್ತ ಕಣ್ಣು ತೇವವಾದದ್ದನ್ನೂ ಬಾಯರ್ ಮುಂದೆ ನೆನಪಿಸಿಕೊಂಡಿದ್ದಾರೆ.

ಜೆಲ್ಲಿಯೊಳಗಿನಿಂದ ಹೊರಗೆ ತರುವುದು

ಈಗ ಅಸಲು ಕಷ್ಟಕ್ಕೆ ಬಂದೆವು. ಕಿತ್ತಳೆ ಬಣ್ಣದ ಪಟ್ಟೆ ಹೊಳೆಯುತ್ತಿದೆ. ನಮಗೆ ಬೇಕಾದ ತುಂಡು ಅಲ್ಲೇ ಇದೆ. ತಟ್ಟೆಯಲ್ಲಿ ಹೆಪ್ಪುಗಟ್ಟಿದ ಹಾಲುಬಾಯಿಯಿಂದ ಒಂದು ತುಂಡು ಕೊಯ್ದು ತೆಗೆದಂತೆ ಬ್ಲೇಡಿನಿಂದ ಆ ಪಟ್ಟೆಯನ್ನು ಕತ್ತರಿಸಿ ಎತ್ತಬಹುದು. ಅದೂ ಬೇಗ ಮುಗಿಸಬೇಕು. ಅತಿನೇರಳೆ ಬೆಳಕು ನಮ್ಮ ಕಣ್ಣು, ಚರ್ಮವನ್ನಷ್ಟೇ ಅಲ್ಲ, ಎದುರಿಗಿರುವ ಡಿ.ಎನ್.ಎ.ಯನ್ನೂ ಕೆಡಿಸುತ್ತದೆ. ಹೆಚ್ಚು ಹೊತ್ತು ನೋಡುತ್ತ ಕುಳಿತರೆ ನೋಡಬೇಕೆಂದಿದ್ದದ್ದೇ ಹಾಳು!

ಸರಿ, ತುಂಡು ಕೈಗೆ ಬಂತು. ಆದರೆ ಅದು ಜೆಲ್ಲಿಯ ತುಂಡು. ಡಿ.ಎನ್.ಎ. ಅದರ ಬಲೆಯೊಳಗೆ ಸಿಕ್ಕಿಕೊಂಡಿದೆ. ಜೆಲ್ಲಿ ಅಂಟಿಕೊಂಡಿದ್ದರೆ ಮುಂದಿನ ಕಿಣ್ವಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ಇದಕ್ಕೆ ವಿಜ್ಞಾನಿಗಳು ಹೂಡಿದ ಉಪಾಯಗಳು ಒಂದೆರಡಲ್ಲ. ಕೆಲವರು ಜೆಲ್ ಜಜ್ಜಿ ಉಪ್ಪುನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿದರು. ಕೆಲವರು ಜೆಲ್ ತುಂಡನ್ನು ಸಣ್ಣ ಚೀಲಕ್ಕೆ ಹಾಕಿ ಮತ್ತೆ ಕರೆಂಟು ಕೊಟ್ಟು ಡಿ.ಎನ್.ಎ.ಯನ್ನು ಹೊರಗೆ ಓಡಿಸಿದರು. ಕಡಿಮೆ ಶಾಖಕ್ಕೇ ಕರಗುವ ಅಗರೋಸ್ ಬಂದ ಮೇಲೆ ಕೆಲವರು ಅದನ್ನು ಕರಗಿಸಿಯೇ ತೆಗೆದರು.

ನನಗೆ ತುಂಬ ಹಿಡಿಸಿದ್ದು 1975ರ ಉಪಾಯ. ಜಪಾನಿನಲ್ಲಿ ಒಂದು ದಂತಕಥೆ ಇದೆ. ಹದಿನೇಳನೆಯ ಶತಮಾನದಲ್ಲಿ ಛತ್ರದವನೊಬ್ಬ ಮಿಕ್ಕ ಪಾಚಿಯ ಜೆಲ್ಲಿಯನ್ನು ಚಳಿಗಾಲದ ರಾತ್ರಿ ಹೊರಗೆಸೆದನಂತೆ. ರಾತ್ರಿ ಮಂಜುಗಟ್ಟಿ, ಹಗಲು ಕರಗಿ, ನೀರೆಲ್ಲ ಸೋರಿಹೋಗಿ ಒಣ ಅಗರ್ ಉಳಿಯಿತಂತೆ. ಕಥೆ ನಿಜವೋ ಸುಳ್ಳೋ, ಅಲ್ಲಿ ಅಗರ್ ಒಣಗಿಸಿದ್ದು ಮಾತ್ರ ಶತಮಾನಗಳ ಕಾಲ ಹೀಗೆಯೇ. ಮಂಜುಗಟ್ಟಿ ಕರಗಿದರೆ ಜೆಲ್ಲಿ ತನ್ನೊಳಗಿನ ನೀರನ್ನು ಬಿಟ್ಟುಕೊಡುತ್ತದೆ. ಆಮ್‌ಸ್ಟರ್‌ಡ್ಯಾಮಿನ ಬೋರ್ಸ್ಟ್ ತಂಡ ಮಾಡಿದ್ದೂ ಅದನ್ನೇ. ಜೆಲ್ ತುಂಡನ್ನು ಮಂಜುಗಟ್ಟಿಸಿದರು, ಆಮೇಲೆ ಹಿಂಡಿದರು. ನೀರಿನ ಜೊತೆ ಡಿ.ಎನ್.ಎ.ಯೂ ಹೊರಬಂತು!

1979ರಲ್ಲಿ ಬರ್ಟ್ ವೋಗಲ್‌ಸ್ಟೈನ್ ಮತ್ತು ಡೇವಿಡ್ ಗಿಲ್ಲೆಸ್ಪಿ ಇನ್ನೊಂದು ದಾರಿ ತೋರಿಸಿದರು. ಸೋಡಿಯಂ ಅಯೊಡೈಡ್ ಎಂಬ ಲವಣದ ಗಟ್ಟಿ ದ್ರಾವಣದಲ್ಲಿ ಅಗರೋಸ್ ಕರಗಿಹೋಗುತ್ತದೆ. ಅದೇ ದ್ರಾವಣದಲ್ಲಿ ಡಿ.ಎನ್.ಎ. ಗಾಜಿಗೆ ಅಂಟಿಕೊಳ್ಳುತ್ತದೆ. ಹಾಗಾಗಿ ಗಾಜಿನ ಪುಡಿ ಹಾಕಿ, ಡಿ.ಎನ್.ಎ. ಅಂಟಿದ ಮೇಲೆ ಉಳಿದದ್ದನ್ನೆಲ್ಲ ತೊಳೆದುಬಿಟ್ಟರಾಯಿತು. ಕೊನೆಗೆ ಲವಣ ಕಡಿಮೆಯಿರುವ ನೀರು ಹಾಕಿದರೆ ಡಿ.ಎನ್.ಎ. ಗಾಜನ್ನು ಬಿಟ್ಟು ನೀರಿಗಿಳಿಯುತ್ತದೆ. ಇಂದು ಪ್ರಯೋಗಾಲಯಗಳಲ್ಲಿ ಅರ್ಧ ಗಂಟೆಯಲ್ಲಿ ಈ ಕೆಲಸ ಮುಗಿಸುವ ಪುಟ್ಟ ನಳಿಗೆಗಳ ಒಳಗಿರುವುದೂ ಗಾಜಿನ ಬಳಗದ ಸಿಲಿಕಾ ಪದರವೇ. 2020ರಲ್ಲಿ ಕೊರೋನಾ ಪರೀಕ್ಷೆಗೆಂದು ನಮ್ಮ ನಿಮ್ಮ ಮೂಗಿನಿಂದ ತೆಗೆದ ಮಾದರಿಯಿಂದ ವೈರಸ್ಸಿನ ಆರ್.ಎನ್.ಎ. ಬೇರ್ಪಡಿಸಲು ಎಷ್ಟೋ ಕಡೆ ನೆರವಾದದ್ದು ಇದೇ ತತ್ವ.

ನ್ಯಾಯಾಲಯದ ಮೆಟ್ಟಿಲು

ತುಂಡನ್ನು ಕತ್ತರಿಸದೆ, ಇಡೀ ಜೆಲ್‌ನ ಅಚ್ಚು ತೆಗೆಯುವ ದಾರಿಯೂ ಒಂದಿದೆ. 1975ರಲ್ಲಿ ಎಡಿನ್‌ಬರೋದ ಎಡ್ವಿನ್ ಸದರ್ನ್ ಜೆಲ್‌ನ ಮೇಲೆ ಒಂದು ತೆಳು ಪೊರೆ, ಅದರ ಮೇಲೆ ನೀರು ಹೀರುವ ಕಾಗದಗಳ ಅಟ್ಟಿ ಇಟ್ಟರು. ಕಾಗದ ನೀರು ಹೀರಿದಾಗ ಡಿ.ಎನ್.ಎ. ಇದ್ದ ಸಾಲಿನಲ್ಲೇ ಮೇಲೇರಿ ಪೊರೆಗೆ ಅಂಟಿಕೊಂಡಿತು. ಅವರ ಹೆಸರೇ ಆ ವಿಧಾನಕ್ಕೆ ಬಂತು. ಸದರ್ನ್ ಎಂದರೆ ತೆಂಕಣದವನು ತಾನೇ? ಆರ್.ಎನ್.ಎ.ಗೆ ಇದೇ ವಿಧಾನ ಬಂದಾಗ ತಮಾಷೆಗೆ ಬಡಗಣ ಎಂದೂ, ಪ್ರೋಟೀನಿಗೆ ಬಂದಾಗ ಪಡುವಣ ಎಂದೂ ಇಂಗ್ಲಿಷಿನಲ್ಲಿ ಹೆಸರಿಟ್ಟರು!

1984ರ ಸೆಪ್ಟೆಂಬರ್ 10ರಂದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಅಲೆಕ್ ಜೆಫ್ರೀಸ್ ಇಂಥದ್ದೇ ಅಚ್ಚಿನ ಎಕ್ಸ್‌ರೇ ಫಿಲ್ಮ್ ನೋಡುತ್ತಿದ್ದಾಗ ಪ್ರತಿಯೊಬ್ಬರ ಪಟ್ಟೆಗಳೂ ಬೇರೆ ಬೇರೆ ಎಂಬುದು ಹೊಳೆಯಿತು. ಎರಡು ವರ್ಷಗಳ ನಂತರ ಅದೇ ಸೀಮೆಯಲ್ಲಿ ಹುಡುಗಿಯೊಬ್ಬಳ ಕೊಲೆಯನ್ನು ತಾನೇ ಮಾಡಿದೆ ಎಂದು 17 ವರ್ಷದ ಹುಡುಗನೊಬ್ಬ ಪೊಲೀಸರೆದುರು ಒಪ್ಪಿಕೊಂಡಿದ್ದ. ಪಟ್ಟೆಗಳು ಹೇಳಿದ್ದೇ ಬೇರೆ, ಅವನಲ್ಲ ಎಂದು. ಹುಡುಗ ಬಿಡುಗಡೆಯಾದ, ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು. ಡಿ.ಎನ್.ಎ. ಬೆರಳಚ್ಚು ಕೊಲೆ ಮೊಕದ್ದಮೆಯಲ್ಲಿ ಮೊದಲು ಮಾಡಿದ ಕೆಲಸ ನಿರಪರಾಧಿಯನ್ನು ಉಳಿಸಿದ್ದು ಎಂಬುದನ್ನು ಮರೆಯಬಾರದು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ತವರು ಹೈದರಾಬಾದ್. ಅಲ್ಲಿನ ಸಿ.ಸಿ.ಎಂ.ಬಿ.ಯಲ್ಲಿ ಲಾಲ್‌ಜಿ ಸಿಂಗ್, ಬ್ಯಾಂಡೆಡ್ ಕ್ರೇಟ್ ಎಂಬ ವಿಷದ ಹಾವಿನ ಡಿ.ಎನ್.ಎ.ಯ ಒಂದು ತುಂಡನ್ನೇ ಗುರುತುಕಡ್ಡಿ ಮಾಡಿಕೊಂಡು ದೇಶೀ ವಿಧಾನ ರೂಪಿಸಿದರು. 1980ರ ದಶಕದ ಕೊನೆಯಲ್ಲಿ ಕೇರಳದಲ್ಲಿ ಮಗುವೊಂದರ ತಂದೆ ಯಾರು ಎಂಬ ಮೊಕದ್ದಮೆಗೆ ಸಾಕ್ಷಿಯಾದದ್ದು ಅವರ ಜೆಲ್ ಪಟ್ಟೆಗಳು. ಇಂದು ಈ ಕೆಲಸ ಕೂದಲೆಳೆಯಂಥ ಸಪೂರ ಕೊಳವೆಗಳಲ್ಲಿ ಯಂತ್ರದಿಂದ ನಡೆಯುತ್ತದೆ. ಓಟದ ನಿಯಮ ಮಾತ್ರ ಹಳೆಯದೇ.

ಇನ್ಸುಲಿನ್ ಮರಳಿ ಬಂತು

ಇನ್ನು ನಮ್ಮ ಇನ್ಸುಲಿನ್? 1976ರಲ್ಲಿ ಬಾಯರ್, ರಾಬರ್ಟ್ ಸ್ವಾನ್ಸನ್ ಜೊತೆ ಸೇರಿ ಜೆನೆಂಟೆಕ್ ಎಂಬ ಸಂಸ್ಥೆ ಕಟ್ಟಿದರು. ಗುರಿ, ಬ್ಯಾಕ್ಟೀರಿಯಾದಿಂದ ಮನುಷ್ಯರ ಇನ್ಸುಲಿನ್ ಮಾಡಿಸುವುದು. ಲಾಸ್ ಏಂಜಲೀಸ್ ಬಳಿಯ ಸಿಟಿ ಆಫ್ ಹೋಪ್ ಸಂಸ್ಥೆಯಲ್ಲಿ ಕೀಚಿ ಇಟಾಕುರಾ ಮತ್ತು ಆರ್ಥರ್ ರಿಗ್ಸ್ ತಂಡ ಇನ್ಸುಲಿನ್‌ನ ಜೀನನ್ನು ರಾಸಾಯನಿಕವಾಗಿ ತಯಾರಿಸಿತು. ಇನ್ಸುಲಿನ್‌ನಲ್ಲಿ ಎ ಮತ್ತು ಬಿ ಎಂಬ ಎರಡು ಸರಪಳಿಗಳು. ಎ ಸರಪಳಿಗೆ 11, ಬಿ ಸರಪಳಿಗೆ 18, ಒಟ್ಟು 29 ಪುಟ್ಟ ಡಿ.ಎನ್.ಎ. ತುಂಡುಗಳು. ಇವನ್ನು ಜೋಡಿಸಿದರೆ 77 ಮತ್ತು 104 ಅಕ್ಷರಗಳ ಎರಡು ಜೀನು ಆಗಬೇಕು.

ಆದರೆ ನಳಿಗೆಯಲ್ಲಿ ಜೋಡಿಸುವಾಗ ಎಲ್ಲವೂ ನೆಟ್ಟಗೆ ಕೂರುತ್ತವೆಯೇ? ಅರ್ಧಂಬರ್ಧ ಸೇರಿದವು, ತಪ್ಪಾಗಿ ಸೇರಿದವು, ಸೇರದೇ ಉಳಿದವು ಎಲ್ಲ ಬೆರೆತಿರುತ್ತವೆ. 1922ರಲ್ಲಿ ಕಾಲಿಪ್ ಎದುರಿದ್ದ ಪ್ರಶ್ನೆಯೇ ಮತ್ತೆ ಎದ್ದು ನಿಂತಿತು, ಬೇಕಾದದ್ದನ್ನು ಬೇಡದ್ದರಿಂದ ಬೇರೆ ಮಾಡುವುದು ಹೇಗೆ? ಈ ಸಲ ಉತ್ತರ ಸಿದ್ಧವಿತ್ತು. ಜೆಲ್‌ನಲ್ಲಿ ಓಡಿಸಿ, ಸರಿಯಾದ ಉದ್ದದ ಪಟ್ಟೆಯನ್ನು ಮಾತ್ರ ತೆಗೆದುಕೊಂಡರು. ಡೇವಿಡ್ ಗೊಡ್ಡೆಲ್ ಮತ್ತು ಜೊತೆಗಾರರು ಅದನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದರು. ಬ್ಯಾಕ್ಟೀರಿಯಾ ಎರಡು ಸರಪಳಿಗಳನ್ನೂ ಬೇರೆ ಬೇರೆಯಾಗಿ ತಯಾರಿಸಿಕೊಟ್ಟಿತು, ಅವನ್ನು ಒಟ್ಟುಗೂಡಿಸಿದಾಗ ಮನುಷ್ಯರ ಇನ್ಸುಲಿನ್ ಆಯಿತು. 1978ರ ಸೆಪ್ಟೆಂಬರಿನಲ್ಲಿ ಸುದ್ದಿ ಹೊರಬಂತು. 1982ರಲ್ಲಿ ಅಮೆರಿಕ ಸರಕಾರ ಮಾರಾಟಕ್ಕೆ ಒಪ್ಪಿಗೆ ಕೊಟ್ಟಿತು. ಹೊಸ ಜೀನು ತಂತ್ರದಿಂದ ತಯಾರಾಗಿ ಮಾರುಕಟ್ಟೆಗೆ ಬಂದ ಮೊದಲ ಔಷಧಿ ಅದು.

ಇನ್ಸುಲಿನ್ ಪ್ರಯೋಗಾಲಯದಲ್ಲಿ ಇನ್ಸುಲಿನ್‌ಗಾಗಿ ಹುಟ್ಟಿದ ಜೆಲ್ಲಿ, ಅಲ್ಲಿ ಕೆಲಸಕ್ಕೆ ಬರಲಿಲ್ಲ. ಕಾಲು ಶತಮಾನ ಊರೆಲ್ಲ ಸುತ್ತಿ, ರೂಪ ಬದಲಿಸಿಕೊಂಡು, ಕೊನೆಗೆ ಇನ್ಸುಲಿನ್ ಬಾಗಿಲಿಗೇ ಬಂದು ನಿಂತಿತು ನೋಡಿ! ಭಾರತದ ಕಂಪನಿಗಳೂ ಹಿಂದೆ ಬೀಳಲಿಲ್ಲ. 2003ರಲ್ಲಿ ಮುಂಬೈಯ ವೊಕಾರ್ಡ್, 2004ರಲ್ಲಿ ಬೆಂಗಳೂರಿನ ಬಯೋಕಾನ್ ಸ್ವಂತವಾಗಿ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದವು. ಬಯೋಕಾನ್ ದುಡಿಸಿಕೊಂಡದ್ದು ಬ್ಯಾಕ್ಟೀರಿಯಾವನ್ನಲ್ಲ, ಒಂದು ಬಗೆಯ ಯೀಸ್ಟನ್ನು.

ಇಂದಿಗೂ ಬಯೋಟೆಕ್ ಓದುವ ಹುಡುಗ ಹುಡುಗಿಯರು ಕಲಿಯುವ ಮೊದಲ ಪಾಠಗಳಲ್ಲಿ ಇದು ಒಂದು. ಅಗರೋಸ್ ಕುದಿಸಿ, ತಟ್ಟೆಗೆ ಸುರಿದು, ಬಾಚಣಿಗೆಯಂಥ ಅಚ್ಚು ಇಟ್ಟು, ಹೆಪ್ಪುಗಟ್ಟಿದ ಮೇಲೆ ಗುಳಿಗಳಿಗೆ ನೀಲಿ ಬಣ್ಣ ಬೆರೆಸಿದ ಡಿ.ಎನ್.ಎ. ತುಂಬಿ ಕರೆಂಟು ಕೊಟ್ಟು ಕಾಯುತ್ತಾರೆ. ನಿಮ್ಮ ಮನೆಯಲ್ಲೂ ಅಂಥ ವಿದ್ಯಾರ್ಥಿಗಳಿದ್ದರೆ ಗಂಜಿಯ ಕಥೆ ಹೇಳಿ, ಪುಸ್ತಕದಲ್ಲಿ ಅದು ಇರಲಿಕ್ಕಿಲ್ಲ.

ಹಾಗೆಯೇ, ಮನೆಯಲ್ಲಿ ಯಾರಿಗಾದರೂ ಇನ್ಸುಲಿನ್ ಇದ್ದರೆ ಒಮ್ಮೆ ಆ ಬಾಟಲಿಯ ಚೀಟಿಯನ್ನು ಬೆಳಕಿಗೆ ಹಿಡಿದು ಓದಿ. ತೀರಾ ಸಣ್ಣ ಅಕ್ಷರಗಳಲ್ಲಿ, ಆರ್-ಡಿ.ಎನ್.ಎ. ಮೂಲದ್ದು ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಕತ್ತರಿಸಿ, ಆರಿಸಿ, ಜೋಡಿಸಿದ ಡಿ.ಎನ್.ಎ. ಎಂದು ಅದರ ಅರ್ಥ. ಇನ್ನು ಮುಂದೆ ಆ ಅಕ್ಷರ ಕಂಡಾಗ ಯಾರ್ಕ್‌ಷೈರಿನ ಆ ತಾಯಿಯ ಗಂಜಿ ಪಾತ್ರೆ ನಿಮಗೂ ನೆನಪಾಗಲಿ.